ಹುಳದ ಮನೆಯ ನೋಟ್‌ಬುಕ್ಕೂ ನಿನ್ನ ಅರ್ಜಿಯೂ

ನಂಜನಗೂಡು,
ಶುಕ್ರವಾರ ರಾತ್ರಿ

ಚಿ. ಕಾವ್ಯಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ.

ನೀನು ಫೋನಿಗೆ ಕಳುಹಿಸಿದ ಬಯೋಡೇಟಾ ನೋಡಿದೆ. ‘ದೊಡ್ಡಪ್ಪ, ಸರಿಯಿದೆಯಾ ಹೇಳಿ, ಬಂದು ಫ್ಯಾಕ್ಟರಿ ಗೇಟಲ್ಲಿ ಕೊಟ್ಟುಬಿಡ್ತೀನಿ’ ಅಂತ ಕೇಳಿದ್ದೀಯ. ಸರಿಯಿಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿದರೆ ನಿನಗೆ ಬೇಜಾರಾಗುತ್ತದೆ. ಸರಿಯಿದೆ ಅಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಕಾಗದ ತೆಗೆದುಕೊಂಡು ಕೂತೆ. ನಿಧಾನವಾಗಿ ಓದು. ನಿಮ್ಮಪ್ಪನಿಗೂ ಓದಿ ಹೇಳು, ಅವನಿಗೂ ಇದರಲ್ಲಿ ಒಂದೆರಡು ಮಾತಿದೆ.

ನಾವು ಅರ್ಜಿ ಗುಜರಾಯಿಸುತ್ತಿದ್ದ ಕಾಲವೇ ಬೇರೆ. ಫುಲ್‌ಸ್ಕೇಪ್ ಹಾಳೆ ತಂದು, ಎಡಗಡೆ ಮಾರ್ಜಿನ್ ಮಡಿಸಿ, ‘ಇಂದ’, ‘ಇವರಿಗೆ’, ‘ಮಾನ್ಯರೇ’ ಅಂತ ಶುರು ಮಾಡಿ ‘ತಮ್ಮ ವಿಧೇಯ’ ಅಂತ ಮುಗಿಸುತ್ತಿದ್ದೆವು. ಇಂಗ್ಲಿಷಿನಲ್ಲಿ ಬೇಕಾದರೆ ಕೋರ್ಟಿನ ಮುಂದೆ ಮೆಷಿನ್ ಇಟ್ಟುಕೊಂಡು ಕೂತವರ ಹತ್ತಿರ ಹೋಗಬೇಕಿತ್ತು. ಮಾರ್ಕ್ಸ್ ಕಾರ್ಡಿನ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ಆಸ್ಪತ್ರೆಯ ಡಾಕ್ಟರ ಬಾಗಿಲಲ್ಲೋ ಹೈಸ್ಕೂಲು ಹೆಡ್‌ಮಾಸ್ಟರ ಬಾಗಿಲಲ್ಲೋ ಕಾಯುತ್ತಿದ್ದೆವು. ಈಗ ಹೆಚ್ಚಿನ ಕಡೆ ನೀನೇ ಸಹಿ ಹಾಕಿಕೊಟ್ಟರೆ ನಡೆಯುತ್ತದೆ. ಅಷ್ಟು ಸುಲಭವಾಗಿದೆ. ಆದರೆ ಒಂದೊಂದು ಅರ್ಜಿಯನ್ನೂ ಕೈಯಾರೆ ಬರೆಯುವಾಗ, ಯಾರಿಗೆ ಬರೆಯುತ್ತಿದ್ದೇನೆ, ಏನಂತ ಬರೆಯುತ್ತಿದ್ದೇನೆ ಅನ್ನುವುದು ತಲೆಯಲ್ಲಿ ಇರುತ್ತಿತ್ತು. ಅದೊಂದು ಈಗ ಕಡಿಮೆಯಾಗಿದೆ ಅಂತ ನನಗೆ ಅನ್ನಿಸುತ್ತದೆ.

ಆಗ ನಂಜನಗೂಡು ಅಂದರೆ ಶ್ರೀಕಂಠೇಶ್ವರನ ದೇವಸ್ಥಾನ, ರಸಬಾಳೆ, ಹಲ್ಲುಪುಡಿ. ಬಿ. ವಿ. ಪಂಡಿತರು 1913ರಲ್ಲಿ ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿಯ ಪೊಟ್ಟಣ ನಮ್ಮ ಮನೆಯ ಬಚ್ಚಲ ಗೂಡಿನಲ್ಲಿ ಯಾವಾಗಲೂ ಇರುತ್ತಿತ್ತು. ಆಮೇಲೆ ಕೈಗಾರಿಕಾ ಪ್ರದೇಶ ಬೆಳೆಯಿತು. ನೆಸ್ಲೆ 1989ರಲ್ಲಿ ಬಂತು. ಗಾಳಿ ಈ ಕಡೆ ಬೀಸಿದರೆ ಕಾಫಿ ವಾಸನೆ. ಔಷಧಿ ಫ್ಯಾಕ್ಟರಿ, ಎಲೆಕ್ಟ್ರಾನಿಕ್ಸ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್, ಅಳಗಂಚಿಯ ಸಕ್ಕರೆ ಕಾರ್ಖಾನೆ, ಮೈಸೂರು ರಸ್ತೆಯಲ್ಲಿ ತಾಂಡವಪುರದ ಕಾರ್ಖಾನೆಗಳು, 2018ರಲ್ಲಿ ಹಿಮ್ಮಾವಿನ ಹತ್ತಿರ ಏಷ್ಯನ್ ಪೇಂಟ್ಸ್. ಕೆಲವು ಬಂದವು, ಕೆಲವು ಬಾಗಿಲು ಹಾಕಿದವು. ಅವುಗಳಲ್ಲೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಪರ್ಸನಲ್ ಡಿಪಾರ್ಟ್‌ಮೆಂಟಿಗೆ ಹೋಗಿ, ಅಲ್ಲೇ ನಿವೃತ್ತನಾದೆ. ಹೊಸಬರ ಅರ್ಜಿಗಳೆಲ್ಲ ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಆದ್ದರಿಂದ ಈ ವಿಷಯದಲ್ಲಿ ನಾನು ಹೇಳುವುದು ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು.

ಅರ್ಜಿ ಓದುವ ಕಡೆ ಹೇಗಿರುತ್ತದೆ ಅಂತ ನಿನಗೆ ಗೊತ್ತಾಗಬೇಕು. ಗೇಟಿನ ಸೆಕ್ಯುರಿಟಿಯವರು ವಾರವಿಡೀ ಇಸಕೊಂಡದ್ದನ್ನು ಹುರಿಯಲ್ಲಿ ಕಟ್ಟಿ ಶನಿವಾರ ತಂದು ಹಾಕುತ್ತಿದ್ದರು. ಹಾಜರಿ ಪುಸ್ತಕ, ಓಟಿ ಲೆಕ್ಕ, ಕ್ಯಾಂಟೀನಿನ ತಕರಾರು, ಇವುಗಳ ನಡುವೆ ಆ ಕಟ್ಟು ಬಿಚ್ಚಬೇಕು. ಒಂದೊಂದು ಹಾಳೆಗೆ ಅರ್ಧ ನಿಮಿಷವೂ ಸಿಗುವುದಿಲ್ಲ. ಮೊದಲು ಕಣ್ಣು ಹೋಗುವುದು ಓದು ಏನು, ಯಾವ ಊರು, ವಯಸ್ಸೆಷ್ಟು ಅನ್ನುವುದಕ್ಕೆ. ಅದು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಆಮೇಲೆ ಕಣ್ಣು ಹುಡುಕುವುದು, ಈ ಹುಡುಗ ಅಥವಾ ಈ ಹುಡುಗಿ ಇಲ್ಲಿಯವರೆಗೆ ಏನು ಮಾಡಿದ್ದಾರೆ ಅನ್ನುವುದನ್ನು. ಅಲ್ಲಿ ಏನೂ ಸಿಗದಿದ್ದರೆ ಹಾಳೆ ಪಕ್ಕಕ್ಕೆ ಹೋಗುತ್ತದೆ. ಓದುವವರು ಕೆಟ್ಟವರಂತಲ್ಲ ಮಗಳೇ, ಹಿಡಿದು ನಿಲ್ಲಿಸುವಂಥದ್ದು ಅದರಲ್ಲಿ ಇರುವುದಿಲ್ಲ, ಅಷ್ಟೆ.

ಈಗ ನಿನ್ನದಕ್ಕೆ ಬರುತ್ತೇನೆ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದೇ ನನ್ನ ಗುರಿ ಅಂತ ಇಂಗ್ಲಿಷಿನಲ್ಲಿ ಶುರುವಾಗಿದೆ. ಈ ವಾಕ್ಯವನ್ನು ನಾನು ಎಷ್ಟು ಅರ್ಜಿಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಆಮೇಲೆ ಅಂಕಗಳ ಪಟ್ಟಿ. ಆಮೇಲೆ ಹಾಡು ಕೇಳುವುದು, ಪ್ರವಾಸ ಅಂತ ಹವ್ಯಾಸಗಳು. ಶ್ರಮಜೀವಿ, ಬೇಗ ಕಲಿಯುವವಳು, ಎಲ್ಲರೊಂದಿಗೆ ಹೊಂದಿಕೊಳ್ಳುವವಳು ಅಂತ ಮೂರು ಗುಣ. ಕೊನೆಗೆ ಮೇಲಿನದೆಲ್ಲ ಸತ್ಯ ಅನ್ನುವ ಘೋಷಣೆ, ಅದರ ಕೆಳಗೆ ಸ್ಥಳ ಮೈಸೂರು ಅಂತ ಇದೆ. ನೀನಿರುವುದು ಮೂಗೂರಿನಲ್ಲಿ. ನರಸೀಪುರದ ಸೈಬರ್ ಸೆಂಟರಿನವನು ಬೇರೆ ಯಾರದೋ ಫೈಲ್ ತೆರೆದು, ಹೆಸರು, ಮಾರ್ಕ್ಸು ಬದಲಿಸಿ ಪ್ರಿಂಟ್ ಕೊಟ್ಟಿದ್ದಾನೆ. ನೀನು ನೋಡದೆ ಸಹಿ ಹಾಕಿದ್ದೀಯ. ಸತ್ಯ ಅಂತ ಘೋಷಿಸಿದ ಸಾಲಿನ ಕೆಳಗೇ ಸುಳ್ಳು ಊರು ನಿಂತಿದೆಯಲ್ಲ, ಅದನ್ನು ಕಂಡು ನನಗೆ ಸಂಕಟವಾಯಿತು.

ಆ ಎರಡು ಪುಟದಲ್ಲಿ ನೀನೇ ಇಲ್ಲ ಕಣವ್ವ. ಕಾವ್ಯ ಅನ್ನುವ ಹೆಸರು ತೆಗೆದು ಇನ್ನೊಂದು ಹೆಸರು ಹಾಕಿದರೂ ಏನೂ ವ್ಯತ್ಯಾಸವಾಗುವುದಿಲ್ಲ.

ನೀನು ಯಾರು ಅಂತ ನಾನು ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ನಾನು ನಿಮ್ಮ ಮನೆಗೆ ಬಂದಿದ್ದಾಗ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ನೋಡೋಣ ಅಂತ ಹುಳದ ಮನೆಯ ಬಾಗಿಲಿಗೆ ಬಂದರೆ ನೀನು ಅಡ್ಡ ನಿಂತೆ. ‘ಚಪ್ಪಲಿ ಅಲ್ಲೇ ಬಿಡಿ ದೊಡ್ಡಪ್ಪ, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ, ಕೈ ತೊಳ್ಕೊಂಡು ಬನ್ನಿ’ ಅಂದೆ. ಪಕ್ಕದ ಮನೆಯ ಯಜಮಾನರು ಬೀಡಿ ಸೇದಿ ಬಂದಿದ್ದರು ಅಂತ ಅವರನ್ನು ಒಳಗೇ ಬಿಡಲಿಲ್ಲ. ಹೊಗೆಸೊಪ್ಪಿನ ಸೋಂಕು ಹುಳಕ್ಕೆ ಆಗುವುದಿಲ್ಲ ಅಂತ ವಿವರಿಸಿದೆ, ಹಿರಿಯರೆಂಬ ಗೌರವಕ್ಕೆ ಕುಂದು ಬಾರದ ಹಾಗೆ. ಒಳಗೆ ಗೋಡೆಗೆ ಥರ್ಮಾಮೀಟರ್ ನೇತುಹಾಕಿತ್ತು. ಅದರ ಕೆಳಗೆ ಮೊಳೆಗೆ ದಾರ ಕಟ್ಟಿದ ನೋಟ್‌ಬುಕ್ಕು.

ಆ ನೋಟ್‌ಬುಕ್ಕನ್ನು ನಾನು ತಿರುವಿ ನೋಡಿದೆ. ನಿನಗೆ ನೆನಪಿದೆಯೋ ಇಲ್ಲವೋ. ಚಾಕಿ ಹುಳ ತಂದ ದಿನದಿಂದ ಶುರು. ತಾರೀಖು, ಬೆಳಗಿನ ಶಾಖ, ಮಧ್ಯಾಹ್ನದ ಶಾಖ, ತೇವಾಂಶ, ಎಷ್ಟು ಸೊಪ್ಪು ಹಾಕಿದೆ, ಯಾವಾಗ ಜ್ವರಕ್ಕೆ ಕೂತವು, ಯಾವಾಗ ಎದ್ದವು, ಸುಣ್ಣ ಯಾವಾಗ ಉದುರಿಸಿದೆ. ದೊಡ್ಡ ಹುಳಕ್ಕೆ 24–25 ಡಿಗ್ರಿ ಶಾಖ, ನೂರಕ್ಕೆ 70ರ ಆಸುಪಾಸು ತೇವಾಂಶ ಇರಬೇಕು ಅಂತ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ಒಂದು ಮಧ್ಯಾಹ್ನ ಶಾಖ ಏರಿದ್ದಕ್ಕೆ ‘ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ, ಸಂಜೆ ಇಳಿಯಿತು’ ಅಂತ ಷರಾ. ಇನ್ನೊಂದು ಕಡೆ ‘ಮೂಲೆಯ ತಟ್ಟೆಯಲ್ಲಿ ಸುಣ್ಣಕಟ್ಟು ಕಂಡಿತು, ಆರಿಸಿ ಸುಟ್ಟೆವು, ಪಕ್ಕದ ತಟ್ಟೆ ಬೇರೆ ಇಟ್ಟೆವು’ ಅಂತ. ಒಂದು ಅಂಕಿ ತಪ್ಪಾಗಿದ್ದ ಕಡೆ ಗೀಚಿ ಅಳಿಸದೆ, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದೆ.

ಈ ಗೆರೆಯ ವಿಷಯ ಹೇಳಲೇಬೇಕು. ನೀನು ಅರ್ಜಿ ಹಾಕುತ್ತಿರುವುದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಟ್ರೈನಿ ಕೆಲಸಕ್ಕೆ. ಅಂಥ ಕಡೆ ದಾಖಲೆಯಲ್ಲಿ ತಪ್ಪು ಬಿದ್ದರೆ ವೈಟ್ನರ್ ಹಚ್ಚುವಂತಿಲ್ಲ, ತಿದ್ದಿ ಬರೆಯುವಂತಿಲ್ಲ. ಹಳೆಯ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಬೇಕು. ಯಾವ ಬ್ಯಾಚಿನಲ್ಲಿ ಏನಾಯಿತು ಅಂತ ನಾಳೆ ಯಾರಾದರೂ ಕೇಳಿದರೆ ಹೇಳಲು ಬರಬೇಕಲ್ಲ. ಹೊಸದಾಗಿ ಸೇರಿದವರಿಗೆ ಇದನ್ನು ಅಭ್ಯಾಸ ಮಾಡಿಸುವುದರಲ್ಲೇ ಲ್ಯಾಬಿನ ಮೇಲಿನವರು ಸುಸ್ತಾಗುತ್ತಾರೆ. ಎಂ.ಎಸ್ಸಿ. ಓದಿ ಬಂದವರೂ ಚೀಟಿಯಲ್ಲಿ ಬರೆದುಕೊಂಡು ಸಂಜೆ ಪುಸ್ತಕಕ್ಕೆ ಇಳಿಸುತ್ತಾರೆ. ನೀನು ಯಾರೂ ಹೇಳದೆ ಹುಳದ ಮನೆಯಲ್ಲಿ ಕಲಿತಿದ್ದೀಯ. ಹೊರಗಿನ ಕೊಳೆ ಒಳಗೆ ಬರಬಾರದು, ಹೊತ್ತಿಗೆ ಸರಿಯಾಗಿ ಅಳೆಯಬೇಕು, ಅಳೆದದ್ದನ್ನು ಆಗಲೇ ಬರೆಯಬೇಕು, ರೋಗ ಕಂಡರೆ ಮುಚ್ಚಿಡದೆ ಹೇಳಿ ಬೇರೆ ಮಾಡಬೇಕು. ಆ ಕೆಲಸಕ್ಕೆ ಬೇಕಾದ್ದು ಇದೇ.

ಇಷ್ಟನ್ನು ಬಿಟ್ಟು ಹಾಡು ಕೇಳುವುದು ಅಂತ ಬರೆದಿದ್ದೀಯಲ್ಲ ಮಗಳೇ!

ಯಾಕೆ ಬಿಟ್ಟೆ ಅನ್ನುವುದು ನನಗೆ ಗೊತ್ತು. ಹುಳ ಮೇಯಿಸುವುದು ಮನೆಗೆಲಸ, ರೈತರ ಕೆಲಸ, ಅದನ್ನು ಕಂಪನಿಯವರ ಮುಂದೆ ಹೇಳಿದರೆ ಹಗುರವಾಗಿ ಕಂಡಾರು ಅಂತ ನಿನ್ನ ಮನಸ್ಸಿನಲ್ಲಿದೆ. ನಮ್ಮ ಸೀಮೆಯ ರೇಷ್ಮೆ ಹಗುರವಾದದ್ದೇನಲ್ಲ. ನಿಮ್ಮ ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ತೆಗೆದ ನೂಲೇ ಮೈಸೂರಿಗೆ ಹೋಗಿ ಮೈಸೂರು ಸಿಲ್ಕ್ ಸೀರೆಯಾಗುತ್ತದೆ. ಮೈಸೂರಿನ ಆ ನೇಯ್ಗೆ ಕಾರ್ಖಾನೆ 1912ರದ್ದು. ಇದೇ ಹುಳವನ್ನು ಓದುವುದಕ್ಕೆಂದೇ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ವಿಜ್ಞಾನಿಗಳು ಅಲ್ಲಿ ಕೋಟು ಹಾಕಿಕೊಂಡು ಮಾಡುವುದರಲ್ಲಿ ಒಂದು ಪಾಲನ್ನು ನೀನು ಮೂಗೂರಿನಲ್ಲಿ ಮಾಡಿದ್ದೀಯ. ಸಂಕೋಚ ಬೇಡ.

ನನ್ನ ಕಡೆಯಿಂದ ಆದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ, ಅದರಿಂದ ನಿನಗೆ ತಿಳಿವಳಿಕೆಯಾಗಲಿ. ಪರ್ಸನಲ್ಲಿಗೆ ಬಂದ ಹೊಸತರಲ್ಲಿ ನಾನು ಇಂಗ್ಲಿಷಿನಲ್ಲಿ ಟೈಪಾದ ಅರ್ಜಿಗಳನ್ನು ಮೇಲೆ, ಕನ್ನಡದಲ್ಲಿ ಕೈಯಲ್ಲಿ ಬರೆದವನ್ನು ಕೆಳಗೆ ಜೋಡಿಸುತ್ತಿದ್ದೆ. ಕೆಳಗಿನವು ಎಷ್ಟೋ ಸಲ ಮೇಲಿನವರ ಕಣ್ಣಿಗೇ ಬೀಳುತ್ತಿರಲಿಲ್ಲ. ಒಂದು ದಿನ ಮೆಂಟೆನೆನ್ಸ್ ಇಂಜಿನಿಯರು ಬಂದು ಕಟ್ಟನ್ನು ತಲೆಕೆಳಗು ಮಾಡಿ ಒಂದು ಹಾಳೆ ಎಳೆದರು. ಹುಲ್ಲಹಳ್ಳಿ ಕಡೆಯ ಐಟಿಐ ಹುಡುಗನದು. ‘ನಮ್ಮ ಊರಿನ ಪಂಪ್‌ಸೆಟ್‌ಗಳನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ. ಸ್ಟಾರ್ಟರ್ ಸುಟ್ಟರೆ ಯಾಕೆ ಸುಟ್ಟಿತು ಅಂತ ನೋಡಿ ಹೇಳಬಲ್ಲೆ. ಲೇತ್ ಮೇಲೆ ಅಭ್ಯಾಸ ಕಡಿಮೆ, ಕಲಿಸಿದರೆ ಕಲಿಯುತ್ತೇನೆ’ ಅಂತ ಬರೆದಿದ್ದ. ‘ಇವನನ್ನ ಕರೀರಿ, ಬರದೇ ಇರೋದನ್ನ ಬರಲ್ಲ ಅಂತ ಬರೆದಿದ್ದಾನೆ’ ಅಂದರು ಇಂಜಿನಿಯರು. ಕರೆದರು, ತೆಗೆದುಕೊಂಡರು, ಆ ಹುಡುಗ ಒಳ್ಳೆಯ ಕೆಲಸಗಾರನಾದ. ಅವತ್ತಿನಿಂದ ನಾನು ಕಟ್ಟು ಮಾಡುವ ರೀತಿ ಬದಲಿಸಿದೆ. ಅದಕ್ಕೆ ಮುಂಚೆ ಕೆಳಗೆ ಉಳಿದ ಹಾಳೆಗಳ ವಿಷಯ ನೆನೆದರೆ ಇವತ್ತಿಗೂ ಮನಸ್ಸಿಗೆ ಸಮಾಧಾನವಿಲ್ಲ.

ನಿನ್ನ ಅರ್ಜಿ ಇಂಗ್ಲಿಷಿನಲ್ಲೇ ಹೋಗಬೇಕು, ಲ್ಯಾಬಿನವರು ಹೊರಗಿನಿಂದ ಬಂದವರೂ ಇರುತ್ತಾರೆ. ಆದರೆ ಮೊದಲು ಕನ್ನಡದಲ್ಲಿ ಬರೆದುಕೋ. ನನಗೆ ಮಾತಾಡಿ ಹೇಳುವ ಹಾಗೆ ಬರೆ. ‘ನಾನು ಈ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ, ರಸಾಯನಶಾಸ್ತ್ರ ಓದಿದ್ದೇನೆ. ಕಾಲೇಜಿನಲ್ಲಿ ಟೈಟ್ರೇಷನ್ ಮಾಡಿದ್ದೇನೆ. ದೊಡ್ಡ ಉಪಕರಣಗಳನ್ನು ಬಳಸಿ ಅಭ್ಯಾಸವಿಲ್ಲ. ಮನೆಯಲ್ಲಿ ರೇಷ್ಮೆ ಸಾಕಣೆ ಇದೆ. ಹುಳದ ಮನೆಯ ಸ್ವಚ್ಛತೆ, ಶಾಖ ಮತ್ತು ತೇವಾಂಶದ ದಾಖಲೆ ಮೂರು ವರ್ಷದಿಂದ ನನ್ನ ಜವಾಬ್ದಾರಿ. ದಾಖಲೆ ಪುಸ್ತಕ ಬೇಕಾದರೆ ತಂದು ತೋರಿಸುತ್ತೇನೆ.’ ಇಷ್ಟೇ ಸಾಕು. ಆಮೇಲೆ ಇದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡು. ನಿನಗೆ ಅರ್ಥ ಗೊತ್ತಿಲ್ಲದ ಒಂದು ಮಾತೂ ಅದರಲ್ಲಿ ಇರಬಾರದು, ಯಾಕೆಂದರೆ ಇಂಟರ್‌ವ್ಯೂನಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ಫೋನಿನಲ್ಲಿ ಈಗ ಅರ್ಜಿ ಬರೆದುಕೊಡುವ ತಂತ್ರಾಂಶಗಳೂ ಬಂದಿವೆಯಂತೆ. ಕಾಗುಣಿತ, ವ್ಯಾಕರಣ ನೋಡಿಸಿಕೋ, ಅಡ್ಡಿಯಿಲ್ಲ. ನೀನು ಮಾಡದ ಕೆಲಸವನ್ನು ಅದು ಸೇರಿಸಿದರೆ ಮಾತ್ರ ಹೊಡೆದುಹಾಕು. ಒಂದೇ ಪುಟ ಇರಲಿ.

ಇನ್ನೊಂದು ವಿಷಯ, ಇದು ಸಣ್ಣದು ಅಂತ ಕಾಣುತ್ತದೆ, ಆದರೆ ಇದರಿಂದ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ. ನಿನ್ನ ಹೆಸರು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಕಾವ್ಯ ಎಂ’ ಅಂತಿದೆ. ಆಧಾರಿನಲ್ಲಿ ಬರೀ ‘ಕಾವ್ಯ’. ಬ್ಯಾಂಕಿನಲ್ಲಿ ನಿಮ್ಮಪ್ಪನ ಹೆಸರು ಪೂರ್ತಿ ಸೇರಿದೆ. ಕೆಲಸಕ್ಕೆ ಸೇರಿದ ದಿನ ಪಿಎಫ್, ಇಎಸ್‌ಐ ಎಲ್ಲಕ್ಕೂ ಆಧಾರ್ ಕೇಳುತ್ತಾರೆ. ಒಂದಕ್ಕೊಂದು ತಾಳೆಯಾಗದಿದ್ದರೆ ಮುಂದೆ ಪಿಎಫ್ ದುಡ್ಡು ತೆಗೆಯುವಾಗ ಅಲೆಯಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಈಗಲೇ ಸರಿಮಾಡಿಸು. ಆಧಾರಿನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಆದ್ದರಿಂದ ಕೇಂದ್ರದಲ್ಲಿ ಕೂತು ಒಂದೊಂದು ಅಕ್ಷರ ನೋಡಿ ಒಪ್ಪಿಗೆ ಕೊಡು. ಜಾತಿ, ಆದಾಯ ಪತ್ರ ನಾಡಕಚೇರಿಯದು ಇದ್ದರೆ ತೆಗೆದಿಟ್ಟುಕೋ, ಖಾಸಗಿಯವರು ಕೇಳದಿದ್ದರೂ ಸರ್ಕಾರದ ಅರ್ಜಿಗೆ ಬೇಕಾಗುತ್ತದೆ.

ಇನ್ನು ನಿಮ್ಮಪ್ಪನಿಗೆ. ಸ್ಥಳೀಯರಿಗೆ ಕೆಲಸ ಕೊಡಲೇಬೇಕು ಅನ್ನುವ ಕಾನೂನು ಬರುತ್ತದೆ, ಅಲ್ಲಿಯವರೆಗೆ ತಡೆಯೋಣ ಅಂತ ಅವನು ಅಂದನಂತೆ. ನನಗೂ ಅದು ಬೇಕು. ಜಮೀನು ಬಿಟ್ಟುಕೊಟ್ಟ ಊರಿನ ಮಕ್ಕಳು ಗೇಟಿನ ಹೊರಗೆ ನಿಲ್ಲುವುದು ಅನ್ಯಾಯ. ಆದರೆ ಕನ್ನಡಿಗರಿಗೆ ಕೆಲಸ ಕೊಡಬೇಕೆಂದ ಸರೋಜಿನಿ ಮಹಿಷಿಯವರ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಸಚಿವ ಸಂಪುಟ ಅಂಥದ್ದೊಂದು ಮಸೂದೆಗೆ ಒಪ್ಪಿತು, ಕೆಲವೇ ದಿನದಲ್ಲಿ ತಡೆಹಿಡಿಯಿತು. ಅದಕ್ಕಾಗಿ ಹುಡುಗಿಯ ವಯಸ್ಸನ್ನು ಕಾಯಿಸಬಾರದು ತಮ್ಮಾ. ಇನ್ನೊಂದು, ಕೆಲಸ ಕೊಡಿಸುತ್ತೇನೆ, ಇಷ್ಟು ಖರ್ಚಾಗುತ್ತದೆ ಅಂತ ಯಾರೇ ಬಂದರೂ ಒಂದು ರೂಪಾಯಿ ಕೊಡಬೇಡ. ನಮ್ಮ ಜಾತಿಯವರಾದರೂ ಸರಿ, ನನ್ನ ಹೆಸರು ಹೇಳಿಕೊಂಡು ಬಂದರೂ ಸರಿ. ಗೂಡು ಮಾರಿದ ದುಡ್ಡನ್ನು ಹೀಗೆ ಕಳೆದುಕೊಂಡ ಮನೆಗಳಿವೆ.

ಅವನಿಗೆ ರಾತ್ರಿ ಪಾಳಿಯ ಚಿಂತೆಯೂ ಇದೆ, ಅದು ನನಗೆ ಅರ್ಥವಾಗುತ್ತದೆ. ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು, ಕರೆತಂದು ಬಿಡುವ ವಾಹನ, ರಕ್ಷಣೆ ಕಂಪನಿಯದೇ ಹೊಣೆ. ಇಂಟರ್‌ವ್ಯೂನಲ್ಲಿ ನೀನೇ ಮರ್ಯಾದೆಯಿಂದ ಕೇಳು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಿನ ಪಾಳಿಗೆ ಮೂಗೂರಿನಿಂದ ಬಸ್ಸಿನಲ್ಲಿ ಬಂದು ಮುಟ್ಟುವುದು ಕಷ್ಟ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡು ಇಲ್ಲದಿರಬಹುದು, ಆದರೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಗಬೇಕಲ್ಲ. ಆದ್ದರಿಂದ ‘ಕೆಲಸ ಸಿಕ್ಕರೆ ನಂಜನಗೂಡಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಇರುತ್ತೇನೆ’ ಅಂತ ಅರ್ಜಿಯಲ್ಲೇ ಬರೆ. ಇದು ಬರವಣಿಗೆಗೆ ಹೇಳುತ್ತಿರುವ ಮಾತಲ್ಲ. ನಿನ್ನ ದೊಡ್ಡಮ್ಮ ಆಗಲೇ ಹಿಂದಿನ ರೂಮು ಖಾಲಿ ಮಾಡಿಸುತ್ತಿದ್ದಾಳೆ.

ಈ ಕೆಲಸ ಸಿಗದೇ ಹೋಗಬಹುದು. ಹಾಗಾದರೆ ಅದೇ ಹಾಳೆಯನ್ನು ಮತ್ತೊಂದು ಕಡೆಗೆ ಹಾಗೇ ಕೊಡಬೇಡ. ಕಾಫಿ, ನೂಡಲ್ಸ್ ಮಾಡುವವರಿಗೆ ಕೊಡುವುದಾದರೆ ಸ್ವಚ್ಛತೆಯ ಮಾತು ಮೊದಲು ಬರಲಿ. ಸಕ್ಕರೆ ಕಾರ್ಖಾನೆಗಾದರೆ ರಸಾಯನಶಾಸ್ತ್ರ ಮೊದಲು ಬರಲಿ. ಪದವೀಧರರಿಗೂ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಇದೆ, ಕೇಂದ್ರ ಸರ್ಕಾರದ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿಡು. ಅದು ಮುಗಿದ ಮೇಲೆ ಕಾಯಂ ಮಾಡಲೇಬೇಕೆಂಬ ಕಟ್ಟುಪಾಡು ಕಂಪನಿಗೆ ಇಲ್ಲ, ಅದನ್ನು ತಿಳಿದೇ ಸೇರಬೇಕು. ಆದರೆ ಒಂದು ವರ್ಷ ಲ್ಯಾಬಿನಲ್ಲಿ ನಿಂತು ಕಲಿತದ್ದನ್ನು ಮುಂದಿನ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಬಹುದು.

ಅರ್ಜಿಯನ್ನು ಶ್ರೀಕಂಠೇಶ್ವರನ ಮುಂದಿಟ್ಟು ಪೂಜೆ ಮಾಡಿಸಿ ಕೊಡಬೇಕು ಅಂತ ನಿಮ್ಮಮ್ಮ ಹೇಳಿದಳಂತೆ. ಆಗಲಿ, ನಾನೇ ಜೊತೆಗೆ ಬರುತ್ತೇನೆ. ಆದರೆ ಸ್ವಾಮಿಯ ಮುಂದೆ ಇಡುವ ಹಾಳೆಯಲ್ಲಿ ನಿನ್ನ ಊರಿನ ಹೆಸರು ಸರಿಯಾಗಿರಲಿ.

ಭಾನುವಾರದೊಳಗೆ ಕನ್ನಡದ ಕರಡು ಬರೆದು ಕಳುಹಿಸು, ಚೆನ್ನಾಗಿ ಬರಲಿಲ್ಲ ಅಂತ ತಡ ಮಾಡಬೇಡ. ಇಂಗ್ಲಿಷಿನದನ್ನು ಇಬ್ಬರೂ ಕೂತು ಮಾಡೋಣ. ಬರುವಾಗ ಎಸ್ಸೆಸ್ಸೆಲ್ಸಿ ಕಾರ್ಡಿನ ಅಸಲು, ಎರಡು ಫೋಟೋ, ಆ ನೋಟ್‌ಬುಕ್ಕು, ಮೂರನ್ನೂ ಮರೆಯದೆ ತಾ.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ